ಶಾಂತವ್ವನ ಹೆಸರು ನುಂಗಿದ ತಿದ್ದುಪಡಿ

ಗೆಳೆಯರೇ, ಇವತ್ತು ಸಿಂದಗಿಯ ನಮ್ಮ ಹಾಸ್ಟೆಲ್‌ನಲ್ಲಿ ಅಡುಗೆಯ ಶಾಂತವ್ವ ಕಂಪ್ಯೂಟರಿನಿಂದ ಮಾಯವಾದರು. ಅವರು ಹುಟ್ಟಿದ್ದು 1974ರಲ್ಲಿ. ಸಾಫ್ಟ್‌ವೇರ್ ಮಾತ್ರ 1964 ಎಂದು ತೋರಿಸಿ, ಅರವತ್ತು ದಾಟಿತು, ನಾಳೆಯಿಂದ ಕೆಲಸವಿಲ್ಲ ಎನ್ನುತ್ತಿತ್ತು. ತಿದ್ದಲು ಪ್ರೋಗ್ರಾಮರ್ ಸಾಹೇಬರು ಬಂದರು.

“ನೆಸ್ಟೆಡ್ ಡೇಟಾ ಐತ್ರಿ, ನಿಮಗ ತಿಳಿಯಂಗಿಲ್ಲ” ಎಂದರು.

ತಿಳಿಯದ್ದೇನಿಲ್ಲ. ಡಬ್ಬಿಯೊಳಗೆ ಡಬ್ಬಿ: ಹಾಸ್ಟೆಲ್ ಒಳಗೆ ಅಡುಗೆಮನೆ, ಅದರೊಳಗೆ ಶಾಂತವ್ವ, ಆ ಡಬ್ಬಿಯಲ್ಲಿ ಹೆಸರು, ಊರು, ಹುಟ್ಟಿದ ವರ್ಷ. ಸಾಹೇಬರು ವರ್ಷವೊಂದನ್ನೇ ತಿದ್ದುವ ಬದಲು ಶಾಂತವ್ವನ ಇಡೀ ಡಬ್ಬಿ ತೆಗೆದು, ಬರೀ 1974 ಇದ್ದ ಹೊಸ ಡಬ್ಬಿ ಇಟ್ಟರು.

“ವರ್ಷ ಬರೋಬರ್ ಐತಿ. ನನ್ನ ಹೆಸರು ಎಲ್ಲಿ ಹೋತ್ರಿ?” ಎಂದರು ಶಾಂತವ್ವ.

“ಹೆಸರಿನ ಬಗ್ಗೆ ನೀವು ಏನೂ ಹೇಳಿರಲಿಲ್ಲಲ್ರಿ.”

“ಚಟ್ನಿ ಬದಲಿ ಮಾಡು ಅಂದ್ರ ಇಡೀ ಬುತ್ತಿ ಗಂಟನ್ನ ಹೊರಗ ಒಗದಿಯಲ್ಲೋ ತಮ್ಮಾ!”

ಮಧ್ಯಾಹ್ನ ಸಾಹೇಬರು ತಾಟು ಹಿಡಿದು ಅಡುಗೆಮನೆಗೆ ಬಂದರು. ಶಾಂತವ್ವ ಸೌಟು ಕೆಳಗಿಟ್ಟರು.

“ಅಡಗಿ ಮಾಡಾಕಿ ನಿಮ್ಮ ಕಂಪ್ಯೂಟರ್‌ನ್ಯಾಗ ಇಲ್ಲಲ್ರಿ. ಯಾರು ನೀಡಬೇಕು?”

ಊಟಕ್ಕೆ ಮೊದಲೇ ಹೆಸರು, ಊರು ಎಲ್ಲ ವಾಪಸ್ ಬಂದವು. ಶಾಂತವ್ವನ ನೌಕರಿ ಉಳಿಯಿತು. ಸಾಹೇಬರ ನೌಕರಿ ಇಷ್ಟು ದಿನ ಹೇಗೆ ಉಳಿದಿದೆಯೋ ತಿಳಿಯದು.