ಅಮರಪ್ಪ ಮಾಸ್ತರರು ಮಸ್ಕಿಯಲ್ಲಿ ಕಟ್ಟಿದ ವೇಷ

ಮೈಮೇಲೆ ದೇವರು ಬರುವುದು, ಸತ್ತವರು ಬಂದು ಮಾತಾಡುವುದು ಇಂಥವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ನಂಬುವುದು ನನ್ನಿಂದ ಆಗುತ್ತಲೂ ಇರಲಿಲ್ಲ. ಚಿಕ್ಕಂದಿನಿಂದ ನಾಟಕ ಕಂಪನಿಯಲ್ಲೇ ಬೆಳೆದವಳು ನಾನು. ಪರದೆಯ ಮುಂದೆ ಗಂಡನ ಹೆಣದ ಮೇಲೆ ಬಿದ್ದು ಗೋಳಾಡಿ, ಪರದೆಯ ಹಿಂದೆ ಬಂದು ಅದೇ ಹೆಣದ ಜೊತೆ ಎಲೆಅಡಿಕೆ ಹಂಚಿಕೊಂಡವಳು. ಕಣ್ಣೀರು ಹೇಗೆ ತರಿಸಬೇಕು, ದನಿ ಎಲ್ಲಿ ನಡುಗಿಸಬೇಕು ಎಂಬುದು ಗೊತ್ತಿದ್ದವರಿಗೆ, ಮೈತುಂಬಿ ಕುಣಿಯುವವರನ್ನು ಕಂಡರೆ ಮೊದಲು ಹುಟ್ಟುವುದು ಅನುಮಾನವೇ. ಈಗಲೂ ನಾನು ಹೆಚ್ಚು ಬದಲಾಗಿಲ್ಲ. ಆದರೆ ಮಸ್ಕಿಯಲ್ಲಿ ನಡೆದ ಒಂದು ಸಂಗತಿ ಮಾತ್ರ ಇಷ್ಟು ವರ್ಷವಾದರೂ ನನ್ನ ಬುದ್ಧಿಗೆ ಸಿಗದೆ ಉಳಿದಿದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ನೀವು ಏನು ಬೇಕಾದರೂ ತಿಳಿದುಕೊಳ್ಳಿ.

ಅಮರಪ್ಪ ಮಾಸ್ತರರು ನಮ್ಮ ಕಂಪನಿಯ ಮುದುಕ. ವಯಸ್ಸಾಗಿತ್ತು ಅಂತಲ್ಲ, ಮುದುಕರ ಪಾತ್ರಗಳೆಲ್ಲ ಅವರ ಪಾಲಿನವು. ಮುದಗಲ್ಲಿನ ಹತ್ತಿರದ ಹಳ್ಳಿಯವರು. ರಾಜನ ಪಾರ್ಟು ಮಾಡಬೇಕೆಂದು ಮನೆಬಿಟ್ಟು ಕಂಪನಿ ಸೇರಿದ್ದರಂತೆ. ಆದರೆ ಮುಖದ ತುಂಬ ಸಿಡುಬಿನ ಕಲೆ, ಮೇಲೆ ಕುಳ್ಳಗಿನ ಆಳು. ಇಪ್ಪತ್ತರ ಹರೆಯದಲ್ಲಿದ್ದಾಗ ಒಂದು ಸಲ ತಂದೆಯ ಪಾತ್ರದವರು ಜ್ವರ ಬಂದು ಮಲಗಿದರು. ಮಾಲೀಕರು ಇವರ ತಲೆಗೆ ಬಿಳಿಗೂದಲು ಕಟ್ಟಿ ರಂಗಕ್ಕೆ ತಳ್ಳಿದರು. ಅಂದು ಬಂದ ನರೆ ಮತ್ತೆ ಹೋಗಲಿಲ್ಲ. ತಂದೆ, ಮಾವ, ಶಾನುಭೋಗ, ಅರ್ಚಕ, ಸಾಯುವ ಮುದುಕ, ಎಲ್ಲವೂ ಅವರೇ. ಜನ ಹೀರೋನ ಹೆಸರು ಹಿಡಿದು ಕೂಗುತ್ತಿದ್ದರು. ಅಮರಪ್ಪನವರನ್ನು ಮಾತ್ರ ಹಾದಿಯಲ್ಲಿ ಎದುರಾದರೂ ಯಾರೂ ಗುರುತಿಸುತ್ತಿರಲಿಲ್ಲ. ಅದರಿಂದ ಅವರಿಗೆ ಸಂತೋಷವೇ. ಯಾವ ಊರಿಗೆ ಹೋದರೂ ಸಂತೆಯ ದಿನ ಚಹಾದ ಅಂಗಡಿಯ ಮುಂದೆ ಕುಳಿತು ಹೋಗಿಬರುವವರನ್ನು ನೋಡುತ್ತಿದ್ದರು. ಸಿಂಧನೂರಿನ ಒಬ್ಬ ಗೌಡರ ನಡಿಗೆ, ಲಿಂಗಸುಗೂರಿನ ಒಬ್ಬ ಮುದುಕನ ಕೆಮ್ಮು, ಹೀಗೆ ಒಂದೊಂದನ್ನು ಎತ್ತಿಕೊಂಡು ಬಂದು ಪಾತ್ರಕ್ಕೆ ಹಚ್ಚುತ್ತಿದ್ದರು.

ನಿಜಾಮರ ಆಡಳಿತ ಹೋಗಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಕಂಪನಿ ಮಸ್ಕಿಯಲ್ಲಿ ಬಿಡಾರ ಹೂಡಿ ಒಂದು ಹೊಸ ಸಾಮಾಜಿಕ ನಾಟಕ ಎತ್ತಿಕೊಂಡಿತು. ಅದರಲ್ಲಿ ಅಮರಪ್ಪನವರು ಬಡ ರೈತ, ನಾನು ಅವರ ಮಗಳು ಶಾಂತಾ. ತಾಲೀಮು ಮುಗಿಯುತ್ತ ಬಂದರೂ ಅವರಿಗೆ ತೃಪ್ತಿಯಿಲ್ಲ. "ಈ ಮುದುಕ ಇನ್ನೂ ಕೈಗೆ ಸಿಕ್ಕಿಲ್ಲ ತಂಗೆವ್ವ" ಎನ್ನುತ್ತಿದ್ದರು.

ಮೊದಲ ಪ್ರಯೋಗದ ದಿನ ಅವರು ರಂಗಕ್ಕೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಎಡಭುಜ ಇಳಿಬಿದ್ದಿತ್ತು. ಕೂರುವ ಮುಂಚೆ ಅಂಗೈಯನ್ನು ಮೊಣಕಾಲಿನ ಕೆಳಗೆ ಕೊಟ್ಟು, ಕಾಲು ತಮ್ಮದಲ್ಲವೇನೋ ಎಂಬಂತೆ ಎತ್ತಿಟ್ಟರು. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ತಿಕ್ಕಿಕೊಂಡರು. ತಾಲೀಮಿನಲ್ಲಿ ಇದಾವುದೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಚಿಗರೀ, ಒಂದೀಟು ನೀರು ತಾರವ್ವ" ಎಂದರು.

ಶಾಂತಾ ಎನ್ನಬೇಕಾಗಿತ್ತು. ಹೆಸರು ಮರೆತಿರಬೇಕೆಂದು ನಾನು ತಂಬಿಗೆ ತಂದುಕೊಟ್ಟೆ. ಅಷ್ಟರಲ್ಲಿ ಹೆಂಗಸರು ಕುಳಿತ ಕಡೆ ಯಾರೋ ಎದ್ದು ನಿಂತದ್ದು ಕಂಡಿತು. ಹಿಂದಿನವರು ಬೈದರೂ ಆಕೆ ಕೂರಲಿಲ್ಲ. ಆ ಸೀನು ಮುಗಿಯುವತನಕ ಹಾಗೆಯೇ ನಿಂತಿದ್ದಳು.

ಪರದೆ ಬಿದ್ದ ಮೇಲೆ ಕೇಳಿದೆ: "ಚಿಗರಿ ಅಂದ್ರ ಯಾರ್ರಿ ಮಾಸ್ತರ?"

"ಯಾರೋ ಏನೋ. ಮುದುಕ ಸಿಕ್ಕ. ಅವನ ಕೂಡ ಆ ಹೆಸರೂ ಬಾಯಾಗ ಬಂತು" ಎಂದು ಬಣ್ಣ ಒರೆಸಿಕೊಳ್ಳಲು ಕುಳಿತರು.

ಮರುದಿನ ಬೆಳಗ್ಗೆ ಆ ಹೆಂಗಸು ಬಿಡಾರಕ್ಕೆ ಬಂದಳು. ಒಬ್ಬ ಅರಳೆ ವ್ಯಾಪಾರಿಯ ಖಾಲಿ ಗೋದಾಮಿನಲ್ಲಿ ನಾವು ಇಳಿದಿದ್ದೆವು. ನಾನು ಅಂಗಳದಲ್ಲಿ ಸೀರೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ಮಾಸ್ತರರು ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಆಕೆಗೆ ನಲವತ್ತರ ಹತ್ತಿರ ಇರಬಹುದು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ನೇರವಾಗಿ ಅವರ ಮುಂದೆ ಬಂದು ನಿಂತಳು.

"ನಮ್ಮನಿಯವರನ್ನ ಎಲ್ಲಿ ನೋಡೀರಿ? ಖರೇ ಹೇಳ್ರಿ."

ಮಾಸ್ತರರಿಗೆ ತಿಳಿಯಲಿಲ್ಲ. ಆಕೆ ಕೂತು ಎಲ್ಲ ಹೇಳಿದಳು. ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸ ಮತ್ತೆ ಶುರುವಾಗಿದೆ ಎಂದು ಕೇಳಿ ಆಕೆಯ ಗಂಡ ಕೆಲವು ವರ್ಷಗಳ ಹಿಂದೆ ಒಂದು ದಿನ ಬುತ್ತಿ ಕಟ್ಟಿಸಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಹಟ್ಟಿಗೆ ಹೋಗಿ ಓಣಿ ಓಣಿ ಕೇಳಿದರೂ ಅಂಥ ಮನುಷ್ಯನನ್ನು ಕಂಡವರಿಲ್ಲ. ಈಗ ಮಗಳಿಗೆ ಗಂಡು ಗೊತ್ತಾಗಿದೆ. ತಂದೆಯ ಜಾಗದಲ್ಲಿ ನಿಂತು ಧಾರೆ ಎರೆಯಲು ಮೈದುನ ತಯಾರಿದ್ದಾನೆ. ಆದರೆ ಅದಕ್ಕೂ ಮೊದಲು ಅಣ್ಣನ ಕರ್ಮ ಮುಗಿಯಬೇಕು, ಈಕೆ ಬಳೆ ಒಡೆಯಬೇಕು ಎಂಬುದು ಅವನ ಹಟ.

"ಅವರು ಕುಂದ್ರೋದು ಹಂಗ, ಕಿವಿ ತಿಕ್ಕೋದೂ ಹಂಗರೀ. ನನ್ನ ಮಗಳಿಗೆ ಚಿಗರಿ ಅಂತಿದ್ದವರು ಅವರೊಬ್ಬರ. ನೀವು ಅವರನ್ನ ನೋಡೀರಿ ಅಂದ್ರ ಅವರು ಎಲ್ಲೋ ಅದಾರ. ಇದ್ದವರನ್ನ ಸತ್ತಾರ ಅಂತ ನಾ ಹೆಂಗ ಒಪ್ಪಲಿ?"

"ಸಂತ್ಯಾಗ ಕುಂತು ಮಂದೀನ ನೋಡತೀನಿ ಯವ್ವಾ, ಸುಳ್ಳಲ್ಲ. ಆದ್ರ ಇಂಥವರನ್ನ ನೋಡಿದ ನೆನಪಿಲ್ಲ. ನಿನ್ನೆ ಕನ್ನಡಿ ಮುಂದ ಕುಂತಾಗ ಭುಜ ತಾನ ಇಳೀತು. ಅಷ್ಟ ಗೊತ್ತು ನನಗ."

ಆಕೆ ಅವರ ಭುಜವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಹಂಗಾರ ಇನ್ನೊಮ್ಮೆ ಆ ವೇಷ ಕಟ್ರಿ. ನಾ ಅವರನ್ನ ಒಂದು ಮಾತು ಕೇಳಬೇಕು" ಎಂದಳು.

ಮಾಸ್ತರರು ಒಪ್ಪಲಿಲ್ಲ. ನಾನೂ ಬೇಡವೆಂದೆ. ಬೇರೆಯವರ ದುಃಖದ ಮುಂದೆ ವೇಷ ಹಾಕುವುದು ನನಗೆ ಸರಿಕಾಣಲಿಲ್ಲ. ಆದರೆ ಆಕೆ ಏಳಲಿಲ್ಲ. ಅಳಲೂ ಇಲ್ಲ. ಬಸ್ಸಿಗೆ ಕಾಯುವವರ ಹಾಗೆ ಅಲ್ಲೇ ಕುಳಿತಳು. ಕೊನೆಗೆ ಮಾಸ್ತರರೇ ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದರು. ಬಣ್ಣ ಹಚ್ಚಲಿಲ್ಲ, ಬಿಳಿಗೂದಲೂ ಇಲ್ಲ. ಬಾಗಿಲು ದಾಟಿ ಬಿಸಿಲಿಗೆ ಕಾಲಿಡುವಾಗ ಎಡಭುಜ ಇಳಿಯಿತು. ಕಾಲನ್ನು ಎತ್ತಿಟ್ಟು ಕುಳಿತರು.

ಆಕೆ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

"ಹಟ್ಟ್ಯಾಗ ಎಲ್ಲಿ ಅದೀರಿ?"

"ಹಟ್ಟೀ ಮುಖಾನ ನೋಡಲಿಲ್ಲ ಹಂಪೀ ನಾ. ಹಳ್ಳ ಬಂದಿತ್ತು."

ಆ ದನಿ ನಾನು ಯಾವ ನಾಟಕದಲ್ಲೂ ಕೇಳಿದ್ದಲ್ಲ. ಏರಿಳಿತವಿಲ್ಲದ, ದಣಿದ ದನಿ. ರಂಗದ ಮೇಲೆ ಯಾರಾದರೂ ಹಾಗೆ ಮಾತಾಡಿದರೆ ಹಿಂದಿನ ಸಾಲಿಗೆ ಕೇಳುವುದೇ ಇಲ್ಲ.

"ಅವತ್ತು ಮಳಿ ಇರಲಿಲ್ಲಲ್ಲ?" ಎಂದಳು ಆಕೆ.

"ಇಲ್ಲಿ ಇರಲಿಲ್ಲ. ಮ್ಯಾಲ ಆಗಿತ್ತು."

ಆಕೆ ಬಹಳ ಹೊತ್ತು ಬಳೆಗಳನ್ನೇ ನೋಡಿದಳು. ನಂತರ ಕೇಳಿದಳು: "ಈಗ ನಾ ಏನ ಮಾಡಲಿ?"

ಮಾಸ್ತರರು ಬಾಯಿ ತೆರೆದರು. ಅವರ ಭುಜ ನಿಧಾನವಾಗಿ ಮೇಲೆದ್ದಿತು. ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಇಷ್ಟ ರೀ ತಾಯಿ. ಇನ್ನ ಮುಂದ ನಾ ಏನಂದ್ರೂ ಅದು ನಟನೆ ಆಗ್ತೈತಿ."

ಆಕೆ ಎದ್ದು ಅವರಿಗೆ ಕೈಮುಗಿದು ಹೊರಟಳು. ನಾನು ಊರಬಾಗಿಲಿನ ಅಗಸಿಯವರೆಗೂ ಜೊತೆಗೆ ಹೋದೆ. ಅಲ್ಲಿಯೇ ನನಗೆ ಹೊಳೆದದ್ದು, ಮಾಸ್ತರರು ಆಕೆಯನ್ನು ಹಂಪೀ ಎಂದು ಕರೆದಿದ್ದರು, ಆಕೆ ನಮಗೆ ತನ್ನ ಹೆಸರು ಹೇಳಿರಲೇ ಇಲ್ಲ. ಕೇಳಿದೆ. "ಹಂಪಮ್ಮ" ಎಂದಳು.

ನಾವು ಮಸ್ಕಿಯಲ್ಲಿ ಇದ್ದಾಗಲೇ ಸುದ್ದಿ ಬಂತು. ಹಂಪಮ್ಮ ಹಳ್ಳದ ಆಚೆಯ ಊರುಗಳನ್ನು ಕೇಳುತ್ತ ಹೋಗಿ, ಸಂತೆಕಲ್ಲೂರಿನ ಒಬ್ಬ ಕುರುಬ ಮುದುಕನನ್ನು ಪತ್ತೆಮಾಡಿದ್ದಳು. ಆಕೆಯ ಗಂಡ ಹೋದ ವರ್ಷ, ಅದೇ ಹಂಗಾಮಿನಲ್ಲಿ, ಬಿಸಿಲು ಸುಡುತ್ತಿದ್ದಾಗಲೇ ಹಳ್ಳಕ್ಕೆ ಒಮ್ಮೆಲೇ ಮೇಲಿನ ನೀರು ಬಂದು ತನ್ನ ಕುರಿಗಳು ಕೊಚ್ಚಿಕೊಂಡು ಹೋದದ್ದು ಅವನಿಗೆ ನೆನಪಿತ್ತು. ಅದೇ ದಿನವೋ ಅಲ್ಲವೋ ಅವನಿಗೂ ಗೊತ್ತಿಲ್ಲ. ಹೆಣ ಯಾರಿಗೂ ಸಿಕ್ಕಿರಲಿಲ್ಲ. ಹಂಪಮ್ಮ ಯಾರನ್ನೂ ಕರೆಯದೆ ತಾನೇ ಹಳ್ಳದ ದಂಡೆಗೆ ಹೋಗಿ ಬಳೆ ತೆಗೆದಿಟ್ಟು ಬಂದಳಂತೆ. ಮಗಳ ಮದುವೆ ಆಯಿತು.

ನಾನು ಇದನ್ನು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಮಾಸ್ತರರು ಆ ಮನುಷ್ಯನನ್ನು ಎಂದೋ ಸಂತೆಯಲ್ಲಿ ಕಂಡು ಮರೆತಿರಬಹುದು. ಅವನು ಮಗಳನ್ನು ಕೂಗಿದ್ದೂ ಕಿವಿಗೆ ಬಿದ್ದಿರಬಹುದು. ಆದರೆ ಹಳ್ಳ? ಸಿಂಧನೂರಿಗೆ ಹೋದ ಮೇಲೆ ಒಮ್ಮೆ ಕೇಳಿಯೂ ಬಿಟ್ಟೆ.

"ಇನ್ನ ಮುಂದ ನಟನೆ ಅಂದ್ರಿ. ಹಂಗಾರ ಅದಕ್ಕಿಂತ ಮೊದಲು ಅಂದದ್ದು ಏನ್ರಿ ಮಾಸ್ತರ?"

"ಅದನ್ನ ನಾನೂ ಕೇಳಿಕೋತ ಅದೀನಿ" ಎಂದರು. ಹಾಸ್ಯಕ್ಕೆ ಹೇಳಿದಂತೆ ಕಾಣಲಿಲ್ಲ.

ಅಮರಪ್ಪನವರು ಮುಂದೆಯೂ ಮುದುಕರಾಗಿಯೇ ದುಡಿದರು. ಕೊನೆಗಾಲದಲ್ಲಿ ಒಂದೆರಡು ಸಿನಿಮಾಗಳಲ್ಲಿ ಹೀರೋಯಿನ್ನಿನ ತಂದೆಯಾಗಿ ಕಾಣಿಸಿಕೊಂಡರು. ಸಾಯುವತನಕ ಈ ವಿಷಯ ಮತ್ತೆ ಎತ್ತಲಿಲ್ಲ. ಆದರೆ ಮಸ್ಕಿ ಬಿಟ್ಟ ಮೇಲೆ ಆ ರೈತನ ಪಾತ್ರದಲ್ಲಿ ಅವರ ಭುಜ ಒಮ್ಮೆಯೂ ಇಳಿಯಲಿಲ್ಲ.

ಮರುವರ್ಷ ಲಿಂಗಸುಗೂರಿನಲ್ಲಿ ಅದೇ ನಾಟಕ ಆಡುತ್ತಿದ್ದಾಗ ಹಂಪಮ್ಮ ಮಗಳನ್ನು ಕರೆದುಕೊಂಡು ಬಂದಿದ್ದಳು. ಕೊನೆಯವರೆಗೂ ಕುಳಿತು ನೋಡಿ, ಮುಗಿದ ಮೇಲೆ ಒಳಗೆ ಬಂದಳು. ಮಾಸ್ತರರು ಎದ್ದು ನಿಂತರು. ನಾನು ಅರ್ಧ ಒರೆಸಿದ ಮುಖದಲ್ಲಿ ಅಲ್ಲೇ ಇದ್ದೆ.

"ಛಲೋ ಮಾಡಿದ್ರಿ" ಎಂದಳು ಹಂಪಮ್ಮ. "ಆದ್ರ ಇವತ್ತ ಅವರು ಬಂದಿರಲಿಲ್ಲ."

"ಹೌದ್ರಿ ತಾಯಿ" ಎಂದರು ಮಾಸ್ತರರು. "ಇವತ್ತ ನಾ ಒಬ್ಬನ ಇದ್ದೆ."