ಟ್ರ್ಯಾಕ್ಟರಿಗೆ ‘ಹೋ’ ಎಂದವನು

ಟ್ರ್ಯಾಕ್ಟರಿಗೆ ಕುಂಕುಮ ಎಲ್ಲಿ ಇಡುತ್ತಾರೆ?

ಆರತಿ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದ ನನಗೆ ಅಂದು ಇದೇ ದೊಡ್ಡ ಪ್ರಶ್ನೆಯಾಗಿತ್ತು. ಎತ್ತಾದರೆ ಹಣೆಯಿದೆ. ಕಾರಾದರೆ ಎದುರಿಗೆ ಗಾಜಿದೆ. ಇದಕ್ಕೆ ಮುಖವೆಂದು ಇದ್ದದ್ದು ತುಕ್ಕು ಹಿಡಿದ ಒಂದು ಜಾಲರಿ ಮಾತ್ರ. (ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಸೂತಿ ಕಲಿಸಿದರು, ಕೇಕಿಗೆ ಮೊಟ್ಟೆ ಎಷ್ಟು ಹೊತ್ತು ಕಡೆಯಬೇಕೆಂದು ಕಲಿಸಿದರು. ಇದೊಂದನ್ನು ಬಿಟ್ಟಿದ್ದರು.)

“ಎಲ್ಲಿ ಇಡ್ಲಿ ಮಾರಾಯ?” ಎಂದೆ.

“ಎರಡು ದೀಪದ ನಡುವೆ ಇಡಿ ಅತ್ತಿಗೆ. ಅದೇ ಅದರ ಹಣೆ.”

“ಒಂದೇ ದೀಪ ಇದೆಯಲ್ಲೋ?”

“ಇನ್ನೊಂದು ಇದೆ ಅಂದ್ಕೊಂಡು ಇಡಿ.”

ಹಾಗೆಂದವನು ನನ್ನ ಮೈದುನ ಸೋಮು. ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಹರಾಜಿಗೆ ಬಂದ ಹಳೆಯ ಸಾಮಾನುಗಳ ನಡುವೆ ಈ ಟ್ರ್ಯಾಕ್ಟರ್ ಅವನ ಕಣ್ಣಿಗೆ ಬಿದ್ದಿತ್ತು. ಸೀಟಿನ ಸ್ಪಂಜು ಇಲಿಯ ಪಾಲಾಗಿತ್ತು. ಅಲ್ಲಿಗೆ ಗೋಣಿಚೀಲ ಮಡಚಿ ಹಾಕಿಕೊಂಡಿದ್ದ. ಇದನ್ನು ಕೊಳ್ಳಲು ತನ್ನ ಎತ್ತಿನ ಜೋಡಿಯನ್ನು ಮಾರಿದ್ದ.

ಅದು ಸಾಮಾನ್ಯ ಜೋಡಿಯಲ್ಲ. ಸೋಮು ಕಾಡಿನಿಂದ ಮರದ ದಿಮ್ಮಿ ಎಳೆಸುವವನು. ಹೊಸನಗರದ ಸುತ್ತಮುತ್ತ ಆ ಕೆಲಸದಲ್ಲಿ ಅವನನ್ನು ಮೀರಿಸಿದವರಿಲ್ಲ. ಬಾರುಕೋಲು ಮುಟ್ಟುತ್ತಿರಲಿಲ್ಲ. ಇಳಿಜಾರಿನಲ್ಲಿ ದಿಮ್ಮಿ ಜಾರಿಕೊಂಡು ಬರುವಾಗಲೂ ಗಂಟಲಲ್ಲೇ ಒಂದು ‘ಹೋ’ ಅಂದರೆ ಸಾಕು, ಎತ್ತುಗಳು ಗೊರಸು ಊರಿ ನಿಂತುಬಿಡುತ್ತಿದ್ದವು.

ಮತ್ತೆ ಮಾರಿದ್ದೇಕೆ? ಸಾಗರದ ಒಂದು ಸಾಮಿಲ್ಲಿನ ಯಜಮಾನರು, ಇನ್ನು ಮುಂದೆ ದಿಮ್ಮಿ ಎಳೆಸುವ ಕೆಲಸವೆಲ್ಲ ಟ್ರ್ಯಾಕ್ಟರಿಗೇ ಎಂದಿದ್ದರಂತೆ. ಸಾಗರದ ಎಕ್ಸಿಬಿಷನ್ನಿನಲ್ಲಿ ಈ ಸಲ ಎತ್ತಿನ ಪಂದ್ಯದ ಜೊತೆ ಟ್ರ್ಯಾಕ್ಟರ್ ಪಂದ್ಯವೂ ಇದೆ, ಗೆದ್ದವನಿಗೆ ಕೆಲಸ ಎಂದೂ ಹೇಳಿದ್ದರಂತೆ. ಸೋಮು ಕೆಲಸ ಕೇಳಲು ಹೋದಾಗ ಅಲ್ಲಿದ್ದವರು, “ನೀನು ಎತ್ತಿನ ಸೋಮು. ಯಂತ್ರ ನಿನಗೆಂತಕ್ಕೆ?” ಎಂದು ನಕ್ಕು ಕಳಿಸಿದರಂತೆ. ಕೆಲಸ ಇಲ್ಲ ಎಂದದ್ದು ಅವನಿಗೆ ಅಷ್ಟು ನಾಟಲಿಲ್ಲ. ನಕ್ಕದ್ದು ನಾಟಿತು.

ಕೈಯಲ್ಲಿ ಕಾಸಿಲ್ಲದವನ ತಯಾರಿ ಹೇಗಿರುತ್ತದೆ ಗೊತ್ತೆ? ಹಿಂದಿನ ಚಕ್ರ ಜಾರಬಾರದೆಂದು ಟ್ಯೂಬಿಗೆ ನೀರು ತುಂಬಿಸಿದ. ಕೊಯ್ಲಾದ ಗದ್ದೆಯಲ್ಲಿ ಹಲಸಿನ ದಿಮ್ಮಿ ಕಟ್ಟಿ ದಿನವೂ ಎಳೆದ. ಭಾರ ಸಾಲದೆ ಹೋದಾಗ ಹೆಂಡತಿ ಶಾರದೆಯನ್ನೇ ದಿಮ್ಮಿಯ ಮೇಲೆ ಕೂರಿಸಿದ. ಆಕೆ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಸರಪಳಿ ಹಿಡಿದು, ತೇರಿನಲ್ಲಿ ಕುಳಿತವಳ ಹಾಗೆ ಗದ್ದೆ ಸುತ್ತಿದಳು.

“ಅಕ್ಕ, ನೀವೂ ಬನ್ನಿ. ನಾನೊಬ್ಬಳೇ ಸಾಲ್ತಿಲ್ಲಂತೆ ಇವ್ರಿಗೆ” ಎಂದು ಕರೆದಳು. ನಾನು ಹೊಸ ಸೀರೆಯ ನೆಪ ಹೇಳಿದೆ. ಬೇಲಿಯಾಚೆ ನಿಂತವರು ನಗುತ್ತಿದ್ದರು. “ನಗ್ಲಿ ಬಿಡಿ ಅತ್ತಿಗೆ. ಸಾಗರದಲ್ಲಿ ಯಾರೂ ನಗೂದಿಲ್ಲ” ಎಂದ ಸೋಮು.

ಪಂದ್ಯದ ದಿನ ನಾವೆಲ್ಲ ಹೋಗಿದ್ದೆವು. ಮೈದಾನದ ತುಂಬ ಧೂಳು, ಹುರಿದ ಕಡಲೆಯ ವಾಸನೆ. ಸೋಮು ಚಪ್ಪಲಿ ಬಿಟ್ಟು, ಟ್ರ್ಯಾಕ್ಟರಿಗೆ ಕೈಮುಗಿದು, ಬರಿಗಾಲಲ್ಲಿ ಹತ್ತಿದ. (ಪೂಜೆ ಮಾಡಿದ ವಸ್ತುವನ್ನು ಚಪ್ಪಲಿ ಕಾಲಲ್ಲಿ ತುಳಿಯುವುದುಂಟೆ?) ಉಳಿದ ಟ್ರ್ಯಾಕ್ಟರುಗಳು ಬಣ್ಣ ಮಾಸದವು. ನಮ್ಮದನ್ನು ಕಂಡು ಕೆಲವರು ಬಾಯಿ ಮುಚ್ಚಿಕೊಂಡು ನಕ್ಕರು.

ಎಳೆಯಬೇಕಾದದ್ದು ಒಂದು ದೊಡ್ಡ ದಿಮ್ಮಿ. ಸುತ್ತಿನಿಂದ ಸುತ್ತಿಗೆ ಅದರ ಮೇಲೆ ಮರಳಿನ ಚೀಲ ಏರಿಸುತ್ತಾರೆ. ಮೊದಲು ಒಂದು ಟ್ರ್ಯಾಕ್ಟರ್ ಸೋತಿತು. ಆಮೇಲೆ ಇನ್ನೊಂದು. ಸೋಮುವಿನದು ಕೆಮ್ಮುತ್ತ, ಹೊಗೆ ಉಗುಳುತ್ತ, ಎಳೆಯುತ್ತಲೇ ಇತ್ತು. ನಗು ಎಲ್ಲಿ ನಿಂತಿತೋ ನಾನು ಗಮನಿಸಲಿಲ್ಲ, ಆದರೆ ನಿಂತಿತ್ತು. ನನ್ನ ಹಿಂದಿದ್ದವರೊಬ್ಬರು, “ಯಾರ್ರೀ ಆ ಹುಡ್ಗ?” ಎಂದು ಕೇಳಿದರು. ಶಾರದೆ ಹಿಂದಿರುಗಿ ನೋಡಲಿಲ್ಲ. ಅವಳ ಕಿವಿ ಕೆಂಪಾಯಿತು.

ಕೊನೆಯ ಸುತ್ತಿನಲ್ಲಿ ದಿಮ್ಮಿಯ ಮೂತಿ ಮಣ್ಣಿಗೆ ಕಚ್ಚಿಕೊಂಡಿತು. ಸೋಮು ಇಳಿದ. ಟ್ರ್ಯಾಕ್ಟರಿನ ಹಿಂದೆ ತಗ್ಗಿನಲ್ಲಿದ್ದ ಕೊಕ್ಕೆಯಿಂದ ಸರಪಳಿ ಬಿಚ್ಚಿ, ಸೀಟಿನ ಹಿಂದಿನ ಎತ್ತರದ ಕಬ್ಬಿಣಕ್ಕೆ ಕಟ್ಟಿದ. ನಮ್ಮ ಕಡೆ ದಿಮ್ಮಿ ಎಳೆಸುವವರೆಲ್ಲ ಮಾಡುವುದು ಹೀಗೆಯೇ. ಎತ್ತಿನ ನೊಗ ಎತ್ತರದಲ್ಲಿರುತ್ತದೆ. ಎಳೆತ ಮೇಲಿನಿಂದ ಬಂದರೆ ದಿಮ್ಮಿ ಮೂತಿ ಎತ್ತಿಕೊಂಡು ಹಗುರಾಗಿ ಬರುತ್ತದೆ.

“ಹಾಂ, ಈಗ ಸರಿಯಾಯ್ತು. ಕಸಬು ಬಲ್ಲವ” ಎಂದರು ಹಿಂದಿದ್ದವರು. ನನ್ನ ಪಕ್ಕದಲ್ಲಿದ್ದ ನಮ್ಮ ಮನೆಯವರೂ ಹೌದೆಂದು ತಲೆಯಾಡಿಸಿದರು. ಅಷ್ಟು ಜನರಿದ್ದ ಮೈದಾನದಲ್ಲಿ ಅದು ತಪ್ಪು ಎಂದವರು ಒಬ್ಬರೂ ಇಲ್ಲ.

ಎತ್ತಿಗೆ ಸರಿಯಾದದ್ದು ಯಂತ್ರಕ್ಕೆ ಸರಿಯಲ್ಲವಂತೆ. ಅಷ್ಟು ಮೇಲೆ ಕಟ್ಟಿ ಎಳೆದರೆ ಏಳುವುದು ದಿಮ್ಮಿಯ ಮೂತಿಯಲ್ಲ, ಟ್ರ್ಯಾಕ್ಟರಿನದು. ಇದು ನಮಗೆ ಗೊತ್ತಾದದ್ದು ಆಮೇಲೆ.

ಸೋಮು ಮತ್ತೆ ಹತ್ತಿ ಎಳೆದ. ಮುಂದಿನ ಚಕ್ರಗಳು ನೆಲ ಬಿಟ್ಟವು. ಅದೂ ಒಂದು ಕಸರತ್ತೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಸೋಮು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದ, ಮೂಗುದಾರ ಜಗ್ಗಿದ ಹಾಗೆ. ಕಾಲು ಕ್ಲಚ್ಚಿಗೆ ಹೋಗಲಿಲ್ಲ. ಬಾಯಿ ಮಾತ್ರ, “ಹೋ… ಹೋ…” ಎಂದಿತು.

ಟ್ರ್ಯಾಕ್ಟರ್ ನಿಲ್ಲಲಿಲ್ಲ. ಹಿಂದಕ್ಕೆ ಮಗುಚಿ ಅವನ ಮೇಲೆ ಬಿತ್ತು. ಆಸ್ಪತ್ರೆಯ ತನಕವೂ ಹೋಗಬೇಕಾಗಲಿಲ್ಲ.

ಹೆಚ್ಚು ಬರೆಯಲಾರೆ. ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಷ್ಟು ಜನರ ಕೂಗಾಟದ ನಡುವೆ ಶಾರದೆ ಅವನು ಬಿಟ್ಟಿದ್ದ ಚಪ್ಪಲಿ ಹುಡುಕಿದಳು. ಧೂಳು ಕೊಡವಿ, ಜೋಡಿಸಿ, ಸೆರಗಿನಲ್ಲಿ ಸುತ್ತಿಕೊಂಡಳು. ಯಾರೋ ಕೈಯಿಂದ ತೆಗೆದುಕೊಳ್ಳಲು ಬಂದರೆ ಕೊಡಲಿಲ್ಲ.

ಉತ್ತರಕ್ರಿಯೆಗಳು ಮುಗಿದ ಮೇಲೆ, ಕಳೆದ ವಾರ, ಅವಳನ್ನು ತೀರ್ಥಹಳ್ಳಿಯ ತವರಿಗೆ ಬಿಡಲು ಹೊರಟೆ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಇತ್ತ. ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು. ಸಂಭಾವಿತರೇ. ಒಬ್ಬರ ತೊಡೆಯ ಮೇಲೆ ಬಾಳೆಹಣ್ಣಿನ ಚೀಲವಿತ್ತು. ಕೋಣಂದೂರು ದಾಟಿದ ಮೇಲೆ ಅವರ ಮಾತು ಕಿವಿಗೆ ಬಿತ್ತು.

“ಸಾಗರದ ಕಥೆ ಕೇಳಿದ್ರಾ? ಟ್ರ್ಯಾಕ್ಟರ್ ಮೇಲೆದ್ರೆ ಆ ಮನುಷ್ಯ ಹೋ ಹೋ ಅಂದ್ನಂತೆ.”

“ಎಂಥದು? ಟ್ರ್ಯಾಕ್ಟರಿಗಾ?”

“ಹೂಂ ಮತ್ತೆ. ಸದ್ಯ, ಹುಲ್ಲು ಹಾಕ್ಲಿಲ್ಲ.”

ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ. ಹೋಟೆಲಿನಲ್ಲಿ, ಕಟ್ಟೆಯ ಮೇಲೆ, ನಾವೆಲ್ಲ ದಿನಾ ನಗುತ್ತೇವಲ್ಲ, ಅಂಥದೇ. ಕಂಡಕ್ಟರನೂ ಬಂದು ಸೇರಿಕೊಂಡ. ಕಥೆ ಅವನಿಗೂ ಗೊತ್ತಿತ್ತು. ಅವನ ಕಥೆಯಲ್ಲಿ ಸೋಮುವಿನ ಕೈಯಲ್ಲಿ ಬಾರುಕೋಲೂ ಇತ್ತು.

ನಾನು ಶಾರದೆಯ ಕೈ ಹಿಡಿದೆ. ಎದ್ದು ಅವರಿಗೆ ಏನಾದರೂ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವಳೇ ಹಿಂದಕ್ಕೆ ತಿರುಗಿದಳು. ದನಿ ಏರಿಸಲಿಲ್ಲ.

“ನಮ್ಮನೆಯವ್ರು ಬಾರುಕೋಲು ಹಿಡೀತಿರ್ಲಿಲ್ಲ” ಎಂದಳು. “ಅವ್ರು ಹೋ ಅಂದ್ರೆ ನಿಲ್ಲದ ಎತ್ತು ಈ ಕಡೆ ಇರ್ಲಿಲ್ಲ.”

ಮತ್ತೆ ಕಿಟಕಿಯ ಕಡೆ ತಿರುಗಿದಳು.

ಬಸ್ಸು ತನ್ನ ಪಾಡಿಗೆ ಓಡುತ್ತಿತ್ತು. ಕಂಡಕ್ಟರ್ ಟಿಕೆಟ್ ಕೊಡುವ ನೆಪದಲ್ಲಿ ಮುಂದೆ ಹೋದ. ಹಿಂದಿನ ಸೀಟಿನವರು ಸ್ವಲ್ಪ ಹೊತ್ತಿನ ಮೇಲೆ ಒಂದು ಜೊತೆ ಬಾಳೆಹಣ್ಣು ಮುಂದೆ ಚಾಚಿ, “ತಗೊಳ್ಳಿ ತಾಯಿ” ಎಂದರು. ಅವಳು ತೆಗೆದುಕೊಂಡಳು. ತಿನ್ನಲಿಲ್ಲ.

ಅವರನ್ನು ಬೈಯಲು ಪತ್ರಿಕೆಯ ಈ ವಾರದ ನನ್ನ ಪುಟ ತುಂಬಿಸುತ್ತಿಲ್ಲ. ದಿಮ್ಮಿ ಎಳೆಸಿ ಗೊತ್ತಿದ್ದ ಯಾರೇ ಆಗಲಿ, ಆ ಸರಪಳಿಯನ್ನು ಅಲ್ಲೇ ಕಟ್ಟುತ್ತಿದ್ದರು. ಹೆದರಿದಾಗ ಬಾಯಿಗೆ ಬರುವುದು ಹುಟ್ಟಿದಾರಭ್ಯ ಆಡಿದ ಮಾತೇ. ಯಾರೂ ನಗಬಾರದೆಂದು ಹೊರಟಿದ್ದ ನಮ್ಮ ಸೋಮು, ಈಗ ಕಥೆಯಾಗಿ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿಯುತ್ತಿದ್ದಾನೆ.

ನಿಮ್ಮೂರಿಗೂ ಬಂದಿರಬೇಕು. ನೀವೂ ನಕ್ಕಿರಾ?