ಮಾವನ ‘ಆರಾಮ’

ಫ್ರಿಜ್ಜಿನ ಬಾಗಿಲು ತೆರೆದರೆ ಮೊಸರಿನ ಪಾತ್ರೆಯ ಪಕ್ಕದಲ್ಲೇ ಕೂತಿದೆ ಆ ಬಿಳಿ ಡಬ್ಬ. ಇವತ್ತು ಬೆಳಿಗ್ಗೆ ಹಾಲು ತೆಗೆಯಲು ಹೋದಾಗ ಕೈಗೆ ತಣ್ಣಗೆ ತಾಕಿತು, ಹೆದರಿಕೆಯಾಯಿತು. ನಮ್ಮ ಮಾವನವರ ಹಾರ್ಮೋನು ಇಂಜೆಕ್ಷನ್ ಅದು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆಳೆಯದಿರಲೆಂದು ಮೂರು ತಿಂಗಳಿಗೊಮ್ಮೆ ಕೊಡುವಂಥದ್ದು; ನಾಳೆ ಇಲ್ಲಿಯ ಡಾಕ್ಟರು ಚುಚ್ಚುತ್ತಾರೆ. ಮದ್ದು ಮನೆಗೆ ಬಂದು ಕೂತಿದೆಯಲ್ಲ, ಇನ್ನೇನು ಹೆದರಿಕೆ ಎನ್ನುತ್ತೀರೇನೋ. ಅದು ಬಂದ ಬಗೆ ಕೇಳಿ, ಆಮೇಲೆ ಹೇಳಿ.

ಮಾವ ಜಗಳೂರಿನವರು. ಅಲ್ಲಿಂದ ಚನ್ನಗಿರಿಗೆ ಖಾಸಗಿ ಬಸ್ಸು ಓಡಿಸುತ್ತಿದ್ದವರು. ಮದುವೆ ಮುಗಿಸಿ ನನ್ನನ್ನು ಚನ್ನಗಿರಿಯಿಂದ ಕರೆದೊಯ್ದ ಬಸ್ಸನ್ನೂ ಅವರೇ ಓಡಿಸಿದ್ದು. ನಲ್ಲೂರು ದಾಟುತ್ತಲೇ ಇಂಜಿನ್ನಿನಿಂದ ಹೊಗೆ ಬಂತು. ವರನ ಅಪ್ಪ ಹೊಸ ಪಂಚೆಯಲ್ಲೇ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತರು. ಯಾರು ಏನು ಕೇಳಿದರೂ ಒಂದೇ ಉತ್ತರ: “ಏನೂ ಇಲ್ರೀ, ಕುಂದ್ರಿ, ಮುಟ್ಟುಸ್ತೀನಿ.” ತಮ್ಮ ಮೈಯ ವಿಚಾರದಲ್ಲೂ ಹಾಗೆಯೇ. ಜ್ವರವಿರಲಿ, ಹಲ್ಲುನೋವಿರಲಿ, ಹೇಗಿದ್ದೀರಿ ಎಂದರೆ “ಆರಾಮ”. ನಮ್ಮ ಕಡೆ ಎಲ್ಲರೂ ಹಾಗೆ ಹೇಳುವವರೇ, ಆರಾಮಿಲ್ಲವೆಂದರೆ ಕೇಳಿದವರ ಮನಸ್ಸು ನೋಯಿಸಿದಂತೆ. ಮಾವ ಅದನ್ನು ವ್ರತದ ಹಾಗೆ ಹಿಡಿದಿದ್ದರು.

ಕಾಯಿಲೆ ಗೊತ್ತಾದ ಮೇಲೆ ಹೊನ್ನಾಳಿಯ ನಮ್ಮ ಮನೆಗೆ ಬಂದರು. ನಾನು ಕೆಲಸ ಮಾಡುವ ಬ್ಯಾಂಕಿನ ವಿಮೆ ಗಂಡನ ಹೆತ್ತವರಿಗೂ ಅನ್ವಯವಾಗುತ್ತದೆ, ಹಾಗಾಗಿ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ನಮ್ಮವರೋ ಆಸ್ಪತ್ರೆಯ ವಾಸನೆಗೇ ತಲೆಸುತ್ತಿ ಕೂರುವವರು. ಆದರೆ ಮಾವ ಸೊಸೆಯ ಎದುರು ಮೂತ್ರದ ಮಾತಾಡುವುದು ಹೇಗೆ? ಆ ರೋಗವನ್ನು ನಾವಿಬ್ಬರೂ ‘ಅದು’ ಎನ್ನುತ್ತಿದ್ದೆವು.

ವಿಮೆಯವರು ಮೊದಲು ಆಗುವುದಿಲ್ಲ ಎಂದರು. ಆಸ್ಪತ್ರೆಯಲ್ಲಿ ಮಲಗದೆ ಚುಚ್ಚಿಸಿಕೊಂಡು ಬರುವ ಮದ್ದಿಗೆ ಅವರು ಕೊಡುವುದಿಲ್ಲವಂತೆ. ಮೊದಲ ಇಂಜೆಕ್ಷನ್ನಿಗೆ ನಾವೇ ಹಣ ಹಾಕಿದ್ದೆವು; ಪ್ರತಿಸಲ ಹಾಗೆ ಕೈಯಿಂದಲೇ ಕೊಳ್ಳುವಷ್ಟು ಅನುಕೂಲ ನಮಗಿಲ್ಲ. ಮಾವನಿಗೆ ಚಿಕಿತ್ಸೆ ಕೊಡುವ ದಾವಣಗೆರೆಯ ಡಾಕ್ಟರು, ಇದೂ ಕ್ಯಾನ್ಸರಿನ ಚಿಕಿತ್ಸೆಯೇ, ತಪ್ಪಿಸುವಂತಿಲ್ಲ ಎಂದು ಬರೆದುಕೊಟ್ಟರು. ಹಾಗಿದ್ದರೆ ವಿಮೆಯ ಕಡೆಯ ಡಾಕ್ಟರು ರೋಗಿಯೊಡನೆ ಫೋನಿನಲ್ಲಿ ಮಾತಾಡಿ ತೀರ್ಮಾನಿಸುತ್ತಾರೆ ಎಂದಿತು ಕಂಪನಿ. ಎರಡನೆಯ ಇಂಜೆಕ್ಷನ್ನಿನ ದಿನ ಹತ್ತಿರವಾಗುತ್ತಿತ್ತು. ತಡವಾದರೆ ಅದು ಮತ್ತೆ ತಲೆಯೆತ್ತುತ್ತದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದ ಮಾತು ನನ್ನ ಕಿವಿಯಲ್ಲೇ ಕೂತಿತ್ತು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ.

ಫೋನು ಬಂದಾಗ ನಾನು ಬ್ಯಾಂಕಿನಲ್ಲಿದ್ದೆ. ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳಿದೆ.

“ಏನ್ ಕೇಳಿದ್ರು ಮಾವ?”

“ಹೆಂಗಿದೀರಿ ಅಂದ್ರು. ಒಳ್ಳೆ ಡಾಕ್ಟರಮ್ಮ ಕಣವ್ವ, ಭಾಳ ಮರ್ಯಾದೆಯಿಂದ ಮಾತಾಡಿದ್ರು.”

“ನೀವೇನಂದ್ರಿ?”

“ಆರಾಮ ಇದೀನಿ, ಏನೂ ತ್ರಾಸಿಲ್ಲ, ನಿಮ್ದು ಊಟ ಆಯ್ತಾ ಅಂದೆ.”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಂಪನಿಯ ಉತ್ತರ ಬೇಗನೆ ಬಂತು: ತೊಂದರೆಯಿಲ್ಲವೆಂದು ರೋಗಿಯೇ ಹೇಳಿರುವುದರಿಂದ ಒಪ್ಪಿಗೆಯನ್ನು ತಡೆಹಿಡಿಯಲಾಗಿದೆ.

ಮದುವೆಯಾಗಿ ಬಂದಮೇಲೆ ಮೊದಲ ಬಾರಿ ಮಾವನ ಮೇಲೆ ರೇಗಿದೆ. “ಅವರೇನು ನೆಂಟರಾ ಮಾವ? ಅವರ ಮುಂದೆ ಆರಾಮ ಅಂದ್ರೆ ಇಂಜೆಕ್ಷನ್ ಹೆಂಗೆ ಸಿಗ್ತೈತೆ?”

ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ಗುರುತಿಲ್ಲದೋರ ಹತ್ರ ಗೋಳು ಹೇಳಾಕೆ ನಾಲಿಗೆ ಏಳಲ್ಲ ಕಣವ್ವ.”

ನಾನು ಗೋಗರೆದ ಮೇಲೆ ಇನ್ನೊಂದು ಸಲ ಫೋನು ಮಾಡಲು ಕಂಪನಿಯವರು ಒಪ್ಪಿದರು. ಅವತ್ತು ರಜೆ ಹಾಕಿ ಮನೆಯಲ್ಲೇ ಕೂತೆ. ಫೋನು ರಿಂಗಾದಾಗ, ನನ್ನೆದುರು ಸಂಕೋಚವಾದೀತೆಂದು ಅಡುಗೆಮನೆಗೆ ಎದ್ದೆ.

“ಕುಂದ್ರವ್ವ,” ಎಂದರು ಮಾವ. ಸ್ಪೀಕರ್ ಹಾಕಿಸಿದರು. ಆ ಕಡೆಯಿಂದ ಅದೇ ಪ್ರಶ್ನೆ, ಹೇಗಿದ್ದೀರಿ. “ಆರಾ…” ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು.

“ಆರಾಮಿಲ್ಲ ಮೇಡಂ. ಮೂತ್ರಕ್ಕೆ ಕಷ್ಟ ಐತೆ. ಮೈಯೆಲ್ಲ ಕುದ್ದಂಗಾಗಿ ಬೆವರು ಸುರಿತೈತೆ. ಬಸ್ಸಿನ ಸ್ಟೇರಿಂಗ್ ತಿರುಗಿಸ್ತಿದ್ದ ಕೈಯಾಗೆ ಈಗ ಬಿಂದಿಗೆ ಎತ್ತಾಕಾಗಲ್ಲ. ಸುಮ್‌ಸುಮ್ನೆ ಅಳು ಬರ್ತೈತ್ರೀ. ಸೊಸೆಗೆ ಕಾಣಬಾರ್ದು ಅಂತ ಹಿತ್ಲಾಗೆ ಹೋಗಿ ಕುಂದರ್ತೀನಿ.” ಕೊನೆಗೆ, “ಹೆದ್ರಿಕೆ ಆಗ್ತೈತ್ರೀ,” ಎಂದರು.

ಹಿತ್ತಲ ಕಟ್ಟೆಯ ಮೇಲೆ ಗಾಳಿಗೆ ಕೂತಿದ್ದಾರೆಂದುಕೊಂಡು ನಾನು ಎಷ್ಟು ಸಲ ಒಳಗಿನಿಂದಲೇ “ಆರಾಮಾ ಮಾವ?” ಎಂದು ಕೂಗಿದ್ದೆನೋ. ಪ್ರತಿಸಲವೂ ಆರಾಮ ಎಂದೇ ಉತ್ತರ ಬರುತ್ತಿತ್ತು. ಅವತ್ತು ಫೋನು ಮುಗಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಒಪ್ಪಿಗೆ ಬಂತು, ಆದರೆ ಈ ಒಂದು ಡಬ್ಬಕ್ಕೆ ಮಾತ್ರ. ಪ್ರತಿಸಲ ಹೊಸದಾಗಿ ಕೇಳಬೇಕಂತೆ. ಈಗ ಗೊತ್ತಾಯಿತಲ್ಲ, ಡಬ್ಬ ಬಂದ ದಿನವೇ ಮುಂದಿನದರ ಚಿಂತೆ ನನಗೆ ಯಾಕೆ ಶುರುವಾಯಿತೆಂದು.

ಇವತ್ತು ಬೆಳಿಗ್ಗೆ ಆ ಹಾಲು ಕಾಯಿಸಿ, ಕಾಫಿ ಹಿಡಿದು ಹಿತ್ತಲಿಗೆ ಹೋದೆ. ಮಾವ ಕಟ್ಟೆಯ ಮೇಲಿದ್ದರು. ನ್ಯಾಮತಿಯಿಂದ ನನ್ನ ನಾದಿನಿ ಫೋನು ಮಾಡಿದ್ದಳು. “ಆರಾಮ ಇದೀನಿ ಕಣವ್ವ, ನೀನು ಚಿಂತಿ ಮಾಡಬ್ಯಾಡ,” ಎಂದು ಮಗಳಿಗೆ ಹೇಳಿ ಫೋನಿಟ್ಟರು. ನಾನು ಏನೂ ಕೇಳದೆ ಪಕ್ಕದಲ್ಲಿ ಕೂತೆ. ಕಾಫಿ ಅರ್ಧಕ್ಕೆ ಬಂದಾಗ ಅವರಾಗಿಯೇ ಹೇಳಿದರು:

“ಇವತ್ತು ಆರಾಮಿಲ್ಲ ಕಣವ್ವ.”